ಯಂತ್ರದ ಬಾಯಿಂದಲೇ ಕೇಳಿರಿ



ಕಂಪ್ಯೂಟರಿನ ಮೈಮೇಲಿನ ಅಂಟುಚೀಟಿಯನ್ನು ನಂಬಿ ಹಣ ತೆರುವುದೂ, ಅಂಚನ್ನು ಮಾತ್ರ ನೋಡಿ, ಮಡಿಕೆ ಬಿಚ್ಚದೆ ಸೀರೆ ಕೊಳ್ಳುವುದೂ ಒಂದೇ. ಇದು ನನಗೆ ಮನದಟ್ಟಾದುದು ಕಳೆದ ಮಾಸದಲ್ಲಿ. ಇಂಜಿನಿಯರಿಂಗ್ ವ್ಯಾಸಂಗಕ್ಕೆ ಸೇರಿದ ನನ್ನ ತಂಗಿಯ ಮಗಳಿಗೆ, ಬಳಸಿದ ಲ್ಯಾಪ್‌ಟಾಪ್ ಒಂದನ್ನು ಕೊಳ್ಳಲು ಹೋಗಿದ್ದೆವು. ತಂಗಿಯು ಹೊಲಿಗೆಯ ಕೂಲಿಯಿಂದ ಕೂಡಿಸಿದ್ದ 20,000 ರೂಪಾಯಿಗಳು ನನ್ನ ಚೀಲದಲ್ಲಿದ್ದುವು. ಕೇಳಿದ ಬೆಲೆಯೂ ಅಷ್ಟೇ.

“ಐ7 ಅಮ್ಮಾ, ನಾಲ್ಕು ಪ್ರೊಸೆಸರ್! ಇನ್ನೇನು ಬೇಕು?” ಎಂದರು ಅಂಗಡಿಯವರು.

“ಒಂದು ನಿಮಿಷ ಇರಿ ದೊಡ್ಡಮ್ಮ,” ಎಂದು ಹುಡುಗಿಯು ಯಂತ್ರವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.

ಅದರಲ್ಲಿ ಲಿನಕ್ಸ್ ಇದ್ದುದು ಅನುಕೂಲವಾಯಿತು. ಅವಳು ಟರ್ಮಿನಲ್ ಎಂಬ ಕಪ್ಪು ಕಿಟಕಿಯನ್ನು ತೆರೆದು, ಎಲ್, ಎಸ್, ಸಿ, ಪಿ, ಯು ಎಂಬ ಐದು ಇಂಗ್ಲಿಷ್ ಅಕ್ಷರಗಳನ್ನು, ನಡುವೆ ತೆರವು ಬಿಡದೆ, ಸಣ್ಣಕ್ಷರಗಳಲ್ಲಿಯೇ ಹೊಡೆದು ಎಂಟರ್ ಒತ್ತಿದಳು. ಈ ಆಜ್ಞೆಯು ಕೇವಲ ನೋಡುವುದಕ್ಕಾಗಿ ಇರತಕ್ಕದ್ದು. ಇದರಿಂದ ಯಂತ್ರದಲ್ಲಿ ಯಾವುದೂ ಬದಲಾಗದು, ಪಾಸ್‌ವರ್ಡ್ ಕೂಡ ಬೇಕಿಲ್ಲ.

ಸಾಲುಗಳು ಹಲವಾರು ಮೂಡಿದುವಾದರೂ ನಮಗೆ ಬೇಕಾದುವು ನಾಲ್ಕೈದು. ‘ಮಾಡೆಲ್ ನೇಮ್’ ಎಂಬಲ್ಲಿ ಇಂಟೆಲ್ ಕೋರ್ ಐ7-7500ಯು ಎಂದಿತ್ತು. ‘ಸಿಪಿಯು’ಗಳು 4, ಅಂಗಡಿಯವರ ಮಾತು ಇಲ್ಲಿಯವರೆಗೆ ನಿಜವೇ. ಆದರೆ ಅದರ ಕೆಳಗೆ ‘ಥ್ರೆಡ್’ಗಳು ಕೋರ್ ಒಂದಕ್ಕೆ 2, ‘ಕೋರ್’ಗಳು ಸಾಕೆಟ್ ಒಂದಕ್ಕೆ 2, ಸಾಕೆಟ್ 1 ಎಂದಿತ್ತು. ಎಂದರೆ, ಅಡಿಗೆಯವರು ಇಬ್ಬರೇ. ಒಬ್ಬೊಬ್ಬರ ಮುಂದೆ ಎರಡೆರಡು ಒಲೆ. ಒಂದರಲ್ಲಿ ಬೇಳೆ ಬೇಯುವಷ್ಟರಲ್ಲಿ ಇನ್ನೊಂದರಲ್ಲಿ ಒಗ್ಗರಣೆ ಮಾಡಿಕೊಳ್ಳಬಹುದು. ಕೆಲಸ ಬೇಗ ಸಾಗುವುದು ದಿಟ, ನಾಲ್ವರು ದುಡಿದಂತಾಗದು. ಲಿನಕ್ಸಿನಲ್ಲಿ ‘ಸಿಪಿಯುಇನ್ಫೋ’ ಎಂಬ ಇನ್ನೊಂದು ಕಡತವೂ ಉಂಟು. ಅದು ಥ್ರೆಡ್ ಒಂದೊಂದಕ್ಕೂ ಅದೇ ವಿವರವನ್ನು ಮತ್ತೆ ಮತ್ತೆ ಬರೆಯುವುದರಿಂದ, ಅದನ್ನು ಓದಿ ಲೆಕ್ಕ ತಪ್ಪುವವರು ಬಹಳ ಮಂದಿ.

ಐ7ರಲ್ಲಿರುವ 7 ಕೋರ್‌ಗಳ ಎಣಿಕೆಯಲ್ಲ, ದರ್ಜೆಯ ಗುರುತು. 7500ರ ಮೊದಲ 7 ಮಾತ್ರ ಏಳನೆಯ ತಲೆಮಾರೆಂಬುದನ್ನು ಹೇಳುತ್ತದೆ. ಈ ಪ್ರೊಸೆಸರ್ ಹೊರಬಂದುದು 2016ರಲ್ಲಿ. ಇದು ಸಣ್ಣ ಮಾತಲ್ಲ. ವಿಂಡೋಸ್ 11 ಇಂಟೆಲ್ ಪ್ರೊಸೆಸರ್‌ಗಳಲ್ಲಿ ಬಹುಮಟ್ಟಿಗೆ ಎಂಟನೆಯ ತಲೆಮಾರಿನಿಂದ ಈಚಿನವನ್ನೇ ಅಂಗೀಕರಿಸುತ್ತದೆ; ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಈ ಯಂತ್ರಕ್ಕೆ ಲಿನಕ್ಸೇ ಆಸರೆ ಎಂದು ತಿಳಿದೇ ಕೊಳ್ಳಬೇಕು.

ವೇಗದ ಸಾಲುಗಳಲ್ಲಿ ಗರಿಷ್ಠ 3500, ಕನಿಷ್ಠ 400 ಮೆಗಾಹರ್ಟ್ಸ್ ಎಂದಿತ್ತು. 400 ಎಂಬುದನ್ನು ಕಂಡು ನಾನು ಗಾಬರಿಗೊಂಡೆ. ಕೆಲಸವಿಲ್ಲದಾಗ ಪ್ರೊಸೆಸರ್ ತಾನಾಗಿಯೇ ನಿಧಾನಿಸಿ ವಿದ್ಯುತ್ತನ್ನು ಉಳಿಸುವುದೆಂದು ಹುಡುಗಿ ಸಮಾಧಾನ ಹೇಳಿದಳು.

ಅಂಗಡಿಯವರು ಪರದೆಯನ್ನು ನೋಡಿದರು, ನಮ್ಮನ್ನು ನೋಡಿದರು; ಬೆಲೆಯಲ್ಲಿ 4,000 ಇಳಿಸಿದರು. ತಿಳಿದೇ ಹಾಗೆಂದರೋ, ಅವರಿಗೂ ತಿಳಿಯದಿತ್ತೋ, ನಾನು ಕೇಳಲಿಲ್ಲ. ಮೊದಲ ವರ್ಷದ ಪಾಠಗಳಿಗೆ ಇಬ್ಬರು ಅಡಿಗೆಯವರು ಸಾಕೆಂದು ಹುಡುಗಿ ನಗುತ್ತ ಹೇಳಿದಳು. ಯಂತ್ರವನ್ನು ಕೊಂಡು, ಉಳಿದ ಹಣವನ್ನು ಅಂದು ಸಂಜೆಯೇ ತಂಗಿಯ ಕೈಗೆ ಹಿಂದಿರುಗಿಸಿದೆ.