ಮರೆವಿನ ಮದ್ದಿಗೆ ಬೆಲೆ ಕಟ್ಟಿದವರಾರು?

ಗಿರಣಿಯಲ್ಲಿ ಮೂವತ್ತು ವರ್ಷ ದುಡಿದು ಮನೆ ಸೇರಿದ ಹಿರಿಯರು ಮಗನನ್ನು ತಮ್ಮನ ಹೆಸರಿನಿಂದ ಕರೆದರೆ, ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ಸಾಹುಕಾರರು ಒಬ್ಬನೇ ಗಿರಾಕಿಗೆ ಎರಡು ಸಲ ಚಿಲ್ಲರೆ ಎಣಿಸಿದರೆ, ಅರವತ್ತಕ್ಕೆ ಅರಳು ಮರಳು ಎಂದು ನಾವು ನಕ್ಕು ಸುಮ್ಮನಾಗುತ್ತೇವೆ. ಎಲ್ಲ ಮರೆವೂ ರೋಗವಲ್ಲ, ನಿಜ. ಆದರೆ ನಿತ್ಯ ನಡೆದ ಬೀದಿಯಲ್ಲೇ ಮನೆಯ ದಾರಿ ತಪ್ಪುವಂತಾದರೆ ಅದು ವಯಸ್ಸಿನ ಧರ್ಮವಲ್ಲ, ಮೆದುಳಿನ ಬೇನೆ. ನಮ್ಮ ದೇಶದಲ್ಲಿ 60 ದಾಟಿದ ಸುಮಾರು 88 ಲಕ್ಷ ಜನರನ್ನು ಇಂಥ ಬೇನೆ ಹಿಡಿದಿದೆಯೆಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಇದರ ಕಾರಣಗಳಲ್ಲಿ ಮುಖ್ಯವಾದುದು ಆಲ್ಜೈಮರ್ ರೋಗ. ಅದನ್ನು ವಾಸಿಮಾಡುವ ಔಷಧ ಈವರೆಗೆ ಯಾರ ಕೈಯಲ್ಲೂ ಇಲ್ಲ.

ಹೀಗಿರುವಾಗ ಮದ್ದು ಬಂತೆಂದು ಕೂಗಿದರೆ ಯಾವ ಮನೆಯವರ ಕಿವಿ ನಿಮಿರದು? ಆ ಆಸೆಯನ್ನೇ ಸರಕು ಮಾಡಿ ಮಾರಹೊರಟ ಒಂದು ಕಥೆಯನ್ನು ವಾಚಕರ ಮುಂದಿಡುತ್ತೇವೆ. ನಡೆದುದು ಅಮೆರಿಕದಲ್ಲಿ.

ಅಲ್ಲಿಯ ಬಯೋಜೆನ್ ಕಂಪನಿ ಅಡುಕನುಮಾಬ್ ಎಂಬ ಔಷಧವನ್ನು ಸಿದ್ಧಪಡಿಸಿತು. ರೋಗಿಯ ಮೆದುಳಿನಲ್ಲಿ ಅಮಿಲಾಯ್ಡ್ ಎಂಬ ಪದಾರ್ಥ ಕಿಟ್ಟದಂತೆ ಕಟ್ಟಿಕೊಳ್ಳುತ್ತದೆ. ಅದನ್ನು ತೊಳೆಯುವುದು ಈ ಔಷಧದ ಕೆಲಸ. ಎರಡು ಪರೀಕ್ಷೆಗಳು ನಡೆದವು. ಫಲವಿಲ್ಲವೆಂದು 2019ರ ಮಾರ್ಚಿಯಲ್ಲಿ ಕಂಪನಿಯೇ ಅವನ್ನು ನಿಲ್ಲಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅಂಕಿಗಳನ್ನು ಮತ್ತೆ ತಿರುವಿಹಾಕಿ, ಒಂದು ಪರೀಕ್ಷೆಯಲ್ಲಿ ಗುಣ ಕಂಡಿದೆ ಎಂದು ಸಾರಿತು. ಇನ್ನೊಂದರಲ್ಲಿ? ಇಲ್ಲ. 2020ರ ನವೆಂಬರಿನಲ್ಲಿ ಸರಕಾರದ ತಜ್ಞರ ಮಂಡಲಿ ಕೂಡಿತು. ಹನ್ನೊಂದು ಮಂದಿಯಲ್ಲಿ ಹತ್ತು ಮಂದಿ ಈ ಸಾಕ್ಷ್ಯ ಸಾಲದೆಂದರು, ಒಬ್ಬರು ಹೇಳಲಾಗದೆಂದರು. ಸಾಕು ಎಂದವರು ಒಬ್ಬರೂ ಇಲ್ಲ. ಆದರೂ 2021ರ ಜೂನ್ 7ರಂದು ಔಷಧ ನಿಯಂತ್ರಣ ಇಲಾಖೆ ಅಪ್ಪಣೆಯಿತ್ತಿತು! ಕಿಟ್ಟ ಕರಗುತ್ತದೆ, ಆದ್ದರಿಂದ ರೋಗಿಗೆ ಒಳಿತಾದೀತು ಎಂಬುದೇ ಆಧಾರ. ಮಂಡಲಿಯ ಮೂವರು ರಾಜೀನಾಮೆ ಕೊಟ್ಟು ಹೊರನಡೆದರು. ಹೆಚ್ಚಿನ ಪ್ರಮಾಣದಲ್ಲಿ ಔಷಧ ಪಡೆದವರಲ್ಲಿ ಮೂವರಿಗೊಬ್ಬರಂತೆ ಮೆದುಳಿನಲ್ಲಿ ಊತ ಕಂಡಿದ್ದುದು ಬೇರೆ ಮಾತು.

ಇನ್ನು ಬೆಲೆ. ಒಬ್ಬ ರೋಗಿಗೆ ವರ್ಷಕ್ಕೆ 56,000 ಡಾಲರು! ಆಗಿನ ವಿನಿಮಯದಲ್ಲಿ ಸುಮಾರು 40 ಲಕ್ಷ ರೂಪಾಯಿ.

ಈ ಬೆಲೆಯನ್ನು ತೆತ್ತವರು ರೋಗಿಗಳಷ್ಟೇ ಎಂದು ತಿಳಿಯಬೇಡಿ. ಅಮೆರಿಕದ ಸರಕಾರ ವೃದ್ಧರಿಗಾಗಿ ಮೆಡಿಕೇರ್ ಎಂಬ ವಿಮೆಯನ್ನು ನಡೆಸುತ್ತದೆ. ಅದರ ತಿಂಗಳ ಕಂತು 2021ರಲ್ಲಿ 148 ಡಾಲರು 50 ಸೆಂಟು. 2022ಕ್ಕೆ 170 ಡಾಲರು 10 ಸೆಂಟು. ಈ ಏರಿಕೆಯಲ್ಲಿ ಸುಮಾರು ಅರ್ಧ ಭಾಗಕ್ಕೆ ಕಾರಣ ಈ ಒಂದೇ ಔಷಧದ ಖರ್ಚು ಬಂದೀತೆಂಬ ಭಯ. ಔಷಧವನ್ನು ಕಣ್ಣಲ್ಲಿ ಕಾಣದ ಮುದುಕಿಯ ಕೈಯಿಂದಲೂ ದುಡ್ಡು ಹೋಯಿತು.

ಜನ ರೇಗಿದರು, ದೊಡ್ಡ ಆಸ್ಪತ್ರೆಗಳು ಒಲ್ಲೆವೆಂದವು. 2021ರ ಡಿಸೆಂಬರಿನಲ್ಲಿ ಕಂಪನಿ ಬೆಲೆಯನ್ನು 28,200 ಡಾಲರಿಗೆ ಇಳಿಸಿತು. ಆರು ತಿಂಗಳಲ್ಲಿ ಅರ್ಧ! ನಮ್ಮ ಪೇಟೆಯ ಜವಳಿ ಅಂಗಡಿಯವನು 560 ರೂಪಾಯಿಯ ಪಂಚೆಯನ್ನು ಗದ್ದಲವಾದೊಡನೆ 280ಕ್ಕೆ ಕೊಟ್ಟರೆ ಗಿರಾಕಿ ಅವನನ್ನು ಏನೆಂದು ಕರೆಯುತ್ತಾನೆ? ಸಂಶೋಧನೆಗೆ ಆದ ಖರ್ಚೇ ಬೆಲೆಯ ಆಧಾರವಾಗಿದ್ದರೆ, ಆದ ಖರ್ಚು ಆರು ತಿಂಗಳಲ್ಲಿ ಅರ್ಧವಾಗುವ ಚಮತ್ಕಾರ ಯಾವುದು? ಪರೀಕ್ಷೆಗೆ ಸೇರಿದವರಿಗೆ ಮಾತ್ರ ದುಡ್ಡು ಕೊಡುವುದಾಗಿ 2022ರ ಏಪ್ರಿಲಿನಲ್ಲಿ ಮೆಡಿಕೇರ್ ಹೇಳಿತು. ಅಪ್ಪಣೆ ಕೊಟ್ಟ ರೀತಿಯಲ್ಲಿ ಅಕ್ರಮಗಳು ತುಂಬಿದ್ದವೆಂದು ಅದೇ ಡಿಸೆಂಬರಿನಲ್ಲಿ ಅಲ್ಲಿಯ ಕಾಂಗ್ರೆಸ್ ಸಭೆಯ ಸಮಿತಿಗಳ ವರದಿ ತಿಳಿಸಿತು. 2024ರ ಜನವರಿಯಲ್ಲಿ ಕಂಪನಿ ಔಷಧವನ್ನೇ ಕೈಬಿಟ್ಟಿತು.

ಲಾಭವಿಲ್ಲದೆ ಸಂಶೋಧನೆಯಿಲ್ಲ ಎಂದು ವಾದಿಸುವ ಪಂಡಿತರಿದ್ದಾರೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಈ ಬಗೆಯ ರೋಗಗಳ ಸಂಶೋಧನೆಗೆ 2021ರಲ್ಲಿ 300 ಕೋಟಿ ಡಾಲರಿಗೂ ಮಿಕ್ಕಿ ಕೊಟ್ಟಿತು. ಅದು ಯಾರ ಹಣ? ತೆರಿಗೆದಾರನದು. ಆ ಎರಡು ಪರೀಕ್ಷೆಗಳಲ್ಲಿ 3,000ಕ್ಕೂ ಹೆಚ್ಚು ರೋಗಿಗಳು ತಮ್ಮ ಮೈಯನ್ನೇ ಒಡ್ಡಿದರು. ಅವರಿಗೆ ಯಾವ ಷೇರು ಬಂತು?

ನಾವು ವಿಜ್ಞಾನಿಗಳನ್ನು ಹೀಗಳೆಯುವವರಲ್ಲ. 2023ರಲ್ಲಿ ಪೂರ್ಣ ಅಪ್ಪಣೆ ಪಡೆದ ಲೆಕನೆಮಾಬ್ ಎಂಬ ಔಷಧಕ್ಕೆ ಗಟ್ಟಿಯಾದ ಸಾಕ್ಷ್ಯವಿದೆ. 1,795 ಜನರ ಪರೀಕ್ಷೆಯಲ್ಲಿ, ಹದಿನೆಂಟು ತಿಂಗಳ ನಂತರ, 18 ಅಂಕಗಳ ಮಾಪಕದಲ್ಲಿ ಅರ್ಧ ಅಂಕಕ್ಕೂ ಕಡಿಮೆ ಅಂತರ ಕಂಡಿತು. ರೋಗ ಕೊಂಚ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಕಟ್ಟಿದ ಬೆಲೆ ವರ್ಷಕ್ಕೆ 26,500 ಡಾಲರು.

ಇದು ಪರದೇಶದ ಗೊಡವೆಯೆಂದು ಪತ್ರಿಕೆ ಮಡಿಚುವವರಿಗೆ ಒಂದು ಮಾತು. ನಮ್ಮ 1970ರ ಪೇಟೆಂಟ್ ಕಾಯಿದೆ ಔಷಧ ಮಾಡುವ ವಿಧಾನಕ್ಕೆ ಪೇಟೆಂಟ್ ಕೊಡುತ್ತಿತ್ತು, ಔಷಧಕ್ಕೆ ಕೊಡುತ್ತಿರಲಿಲ್ಲ. 2005ರಲ್ಲಿ ಆ ಬಾಗಿಲನ್ನು ತೆರೆದುಕೊಟ್ಟರು. ಆದರೂ ಕಾಯಿದೆಯ 84ನೆಯ ಕಲಮು ಉಳಿದಿದೆ: ಬೆಲೆ ಜನರ ಕೈಗೆಟುಕದಿದ್ದರೆ ಬೇರೆಯವರಿಗೆ ತಯಾರಿಸಲು ಕಡ್ಡಾಯ ಪರವಾನಗಿ ಕೊಡಬಹುದು. 2012ರಲ್ಲಿ ಬೇಯರ್ ಕಂಪನಿಯ ಕ್ಯಾನ್ಸರ್ ಮಾತ್ರೆಯ ಮೇಲೆ ಹೈದರಾಬಾದಿನ ನ್ಯಾಟ್ಕೋಗೆ ಹಾಗೆ ಕೊಟ್ಟಾಗ, ತಿಂಗಳಿಗೆ 2 ಲಕ್ಷ 80 ಸಾವಿರವಿದ್ದ ಬೆಲೆ 9 ಸಾವಿರದೊಳಗೆ ಇಳಿಯಿತು. ಮರೆವಿನ ಔಷಧಗಳು ಇಂಥ ಬೆಲೆಯ ಚೀಟಿ ಹಚ್ಚಿಕೊಂಡು ಇಲ್ಲಿ ಬಂದಾಗ ಆ ಕಲಮನ್ನು ಬಳಸುವಿರೋ ಇಲ್ಲವೋ, ಆರೋಗ್ಯ ಮಂತ್ರಿಗಳು ಈಗಲೇ ಹೇಳಲಿ.