ಹ್ಯಾನ್‌ಕಾಕ್ ಕೇಳದೆ ಬಿಟ್ಟ ಪ್ರಶ್ನೆಗಳು

ಎಂಬತ್ತರ ದಶಕದ ಆರಂಭದಲ್ಲಿ ಗ್ರಹಾಂ ಹ್ಯಾನ್‌ಕಾಕ್ ‘ದಿ ಎಕನಾಮಿಸ್ಟ್’ಗೆ ಪೂರ್ವ ಆಫ್ರಿಕಾದಿಂದ ವರದಿ ಕಳಿಸುತ್ತಿದ್ದರು. ಬಡದೇಶಗಳ ಹೆಸರಿನಲ್ಲಿ ಹರಿಯುವ ನೆರವಿನ ಹಣ ಯಾರ ಜೇಬು ಸೇರುತ್ತದೆ ಎಂದು ಕೇಳಿದ ಅವರ ‘ಲಾರ್ಡ್ಸ್ ಆಫ್ ಪಾವರ್ಟಿ’ (1989) ಗಟ್ಟಿ ಪುಸ್ತಕ. ಆ ವರದಿಗಾರನ ಮೇಲೆ ನನಗೆ ಗೌರವವಿದೆ. 1995ರಲ್ಲಿ ‘ಫಿಂಗರ್‌ಪ್ರಿಂಟ್ಸ್ ಆಫ್ ದಿ ಗಾಡ್ಸ್’ ಬರೆದ ಲೇಖಕನ ಬಗ್ಗೆ ಈ ಮಾತು ಹೇಳಲಾರೆ.

ಹಿಮಯುಗದ ಕೊನೆಗೆ ಮುಂದುವರಿದ ನಾಗರಿಕತೆಯೊಂದು ನಾಶವಾಯಿತು, ಅದರಲ್ಲಿ ಬದುಕುಳಿದವರು ಉಳಿದ ಜನಕ್ಕೆ ಬೇಸಾಯ, ಕಟ್ಟಡವಿದ್ಯೆ ಕಲಿಸಿದರು ಎಂಬುದು ಅವರ ವಾದ. 2022ರಲ್ಲಿ ನೆಟ್‌ಫ್ಲಿಕ್ಸ್ ಇದನ್ನೇ ‘ಏನ್ಶಿಯಂಟ್ ಅಪಾಕಲಿಪ್ಸ್’ ಎಂಬ ಸಾಕ್ಷ್ಯಚಿತ್ರ ಸರಣಿಯಾಗಿಸಿತು. ಇದನ್ನು ಸೈನ್ಸ್ ಫಿಕ್ಷನ್ ಸಾಲಿಗೆ ಸೇರಿಸಿ ಎಂದು ಅಮೆರಿಕದ ಪುರಾತತ್ವಜ್ಞರ ಸಂಘ ಬಹಿರಂಗ ಪತ್ರ ಬರೆಯಿತು. ಸರಿಯಾಗಿಯೇ ಬರೆಯಿತು.

ಪುರಾತತ್ವಜ್ಞರು ಹೊಸ ಸಾಕ್ಷ್ಯಕ್ಕೆ ಕಣ್ಣು ಮುಚ್ಚಿಕೊಳ್ಳುತ್ತಾರೆ ಎಂದು ಹ್ಯಾನ್‌ಕಾಕ್ ಪದೇ ಪದೇ ದೂರುತ್ತಾರೆ. ಅವರೇ ಮುಂದಿಡುವ ಟರ್ಕಿಯ ಗೋಬೆಕ್ಲಿ ತೆಪೆಯನ್ನು ನೋಡಿ. 1995ರಿಂದ ಅದನ್ನು ಅಗೆಸಿದ್ದು ಜರ್ಮನಿಯ ಪುರಾತತ್ವಜ್ಞ ಕ್ಲಾಸ್ ಷ್ಮಿಟ್. ಬೇಸಾಯ ಬಂದ ಮೇಲಷ್ಟೇ ದೊಡ್ಡ ಕಟ್ಟಡ ಸಾಧ್ಯ ಎಂಬ ಹಳೆಯ ತಿಳಿವಳಿಕೆಯನ್ನು ಅಲುಗಾಡಿಸಿದ್ದೂ ಅವರೇ. ಸುಮಾರು 11 ಸಾವಿರ ವರ್ಷ ಹಿಂದಿನ ಆ ಕಲ್ಲುಕಂಬಗಳ ನಡುವೆ ಸಿಕ್ಕಿದ್ದು ಹುಲ್ಲೆಗಳ, ಕಾಡುದನಗಳ ರಾಶಿ ಮೂಳೆ. ಬೇಟೆಯಾಡಿ ತಿಂದವರೇ ಕಂಬ ನಿಲ್ಲಿಸಿದ್ದರು. ಅವರಿಗೆ ಪಾಠ ಹೇಳಲು ಹೊರಗಿನಿಂದ ಬಂದವರ ಒಂದು ಮಡಕೆ ಚೂರೂ ಅಲ್ಲಿಲ್ಲ.

ಸರಣಿಯ ಮೊದಲ ಕಂತು ಇಂಡೊನೇಷ್ಯಾದ ಗುನುಂಗ್ ಪಡಾಂಗ್ ಕುರಿತದ್ದು. ಆ ಗುಡ್ಡದೊಳಗೆ ಹತ್ತಾರು ಸಾವಿರ ವರ್ಷದ ಪಿರಮಿಡ್ ಇದೆ ಎಂದ ಪ್ರಬಂಧ 2023ರಲ್ಲಿ ಅಚ್ಚಾಯಿತು. 2024ರ ಮಾರ್ಚ್‌ನಲ್ಲಿ ಪ್ರಕಾಶಕರು ಅದನ್ನು ಹಿಂತೆಗೆದುಕೊಂಡರು. ಕಾಲ ಗೊತ್ತುಮಾಡಿದ್ದು ಮಣ್ಣಿನದು. ಅದರಲ್ಲಿ ಮನುಷ್ಯರ ಕೈಕೆಲಸವೆಂದು ನಂಬಬಹುದಾದ ಒಂದು ಗುರುತೂ ಇರಲಿಲ್ಲ. ಆಳಕ್ಕೆ ತೋಡಿದರೆ ಎಲ್ಲಿಯೂ ಹಳೆಯ ಮಣ್ಣು ಸಿಗುತ್ತದೆ. ಆ ಮಣ್ಣಿಗೂ ಮನುಷ್ಯರಿಗೂ ಏನು ಸಂಬಂಧ ಎಂದು ಕೇಳಲು ಪುರಾತತ್ವದ ಪದವಿ ಬೇಡ, ವರದಿಗಾರನ ಅನುಮಾನ ಸಾಕಿತ್ತು.

ನನಗೆ ಸಿಟ್ಟು ಬರುವುದು ಇನ್ನೊಂದು ಕಾರಣಕ್ಕೆ. ‘ಫಿಂಗರ್‌ಪ್ರಿಂಟ್ಸ್’ನಲ್ಲಿ ಮೆಕ್ಸಿಕೊ, ಪೆರುವಿನ ಜನಕ್ಕೆ ವಿದ್ಯೆ ತಂದವರು ಗಡ್ಡದ ಬಿಳಿಯರು. ಆ ಚಿತ್ರ ಬಂದಿರುವುದು ಸ್ಪೇನಿನವರು ಆ ನೆಲವನ್ನು ಗೆದ್ದ ನಂತರದ ಬರಹಗಳಿಂದ. ಆಫ್ರಿಕಾದಲ್ಲೂ ಇದೇ ಆಯಿತು: ಗ್ರೇಟ್ ಜಿಂಬಾಬ್ವೆಯ ಕಲ್ಲುಗೋಡೆಗಳನ್ನು ಶೋನಾ ಜನರ ಹಿರಿಯರು ಕಟ್ಟಿದರೆಂದು ಹೇಳದಂತೆ ರೊಡೇಷಿಯಾದ ಬಿಳಿಯರ ಸರ್ಕಾರ ವಿದ್ವಾಂಸರನ್ನೇ ಒತ್ತಾಯಿಸಿತ್ತು. ಇಂಥ ಕತೆಗಳಿಂದ ಯಾರ ಪಾಲು ಕಳೆಯುತ್ತದೆ ಎಂಬುದು ಆಗಲೇ ಸಾಬೀತಾಗಿದೆ. ಹಾಗಿದ್ದೂ 2024ರಲ್ಲಿ ಎರಡನೆಯ ಸರಣಿ ಅಮೆರಿಕ ಖಂಡಗಳಿಗೇ ಹೋಯಿತು. ಅಲ್ಲಿ ಕಟ್ಟಿದವರ ವಂಶದವರು ಈಗಲೂ ಅಲ್ಲೇ ಬದುಕುತ್ತಿದ್ದಾರೆ. ನೆಟ್‌ಫ್ಲಿಕ್ಸ್ ಸಾಕ್ಷ್ಯಚಿತ್ರವೆಂಬ ಹಣೆಪಟ್ಟಿಯನ್ನು ಕಿತ್ತು ಹಾಕಲಿ.