ಹೂಂಗುಟ್ಟುವವರು ಬೇಕು

ನಮ್ಮ ಉಮ್ಮತ್ತೂರಿನ ಕಡೆ ಕತೆ ಹೇಳುವ ಹಿರಿಯರು ಮೊದಲಿಗೇ ಒಂದು ಕರಾರು ಮಾಡಿಕೊಳ್ಳುವುದುಂಟು. ಕೇಳುವವರಲ್ಲಿ ಒಬ್ಬರಾದರೂ ಮಾತಿಗೊಮ್ಮೆ ‘ಹೂಂ’ ಎನ್ನುತ್ತಿರಬೇಕು. ಹೂಂಗುಟ್ಟುವುದು ನಿಂತಿತೋ, ಕತೆಯೂ ನಿಂತಿತು. ರಾಜಕುಮಾರನು ಏಳು ಸಮುದ್ರದಾಚೆ ಕಾಲಿಟ್ಟಿರಲಿ, ರಾಕ್ಷಸನ ಪ್ರಾಣವಿರುವ ಗಿಳಿಯ ಕೊರಳಿಗೆ ಕೈ ಹಾಕಿರಲಿ, ಅಲ್ಲಿಯೇ ಕಾಯಬೇಕು. ನಿದ್ದೆಹೋದ ಮಗುವನ್ನು ಪತ್ತೆ ಹಚ್ಚುವ ಉಪಾಯವಿದು ಎಂದು ಹಲವರು ತಿಳಿದಿದ್ದಾರೆ. ಅದೂ ನಿಜವೇ. ಆದರೆ ಅದರೊಳಗೆ ಇನ್ನೊಂದು ತಿಳಿವೂ ಅಡಗಿದೆ: ಕತೆ ಒಬ್ಬರಿಂದ ಆಗುವ ಕೆಲಸವಲ್ಲ.

ಚಾಮರಾಜನಗರದ ಸೀಮೆಗೆ ಈ ಮಾತನ್ನು ಬೇರೆಯವರು ಬಂದು ಹೇಳಬೇಕಾಗಿಲ್ಲ. ಮಂಟೇಸ್ವಾಮಿಯ ಕಾವ್ಯವನ್ನು ಹಾಡುವ ನೀಲಗಾರರಾಗಲಿ, ಕಂಸಾಳೆ ಹಿಡಿದು ಮಲೆಯ ಮಾದೇಶ್ವರನ ಕಾವ್ಯವನ್ನು ಹಾಡುವ ದೇವರಗುಡ್ಡರಾಗಲಿ, ಒಬ್ಬರೇ ಹಾಡಿ ಮುಗಿಸುವವರಲ್ಲ. ಮುಂದಾಳು ಒಂದು ಮಾತು ಎತ್ತಿದರೆ ಹಿಮ್ಮೇಳದವರು ಅದನ್ನು ಹಿಡಿದು ಮುಂದಕ್ಕೆ ನಡೆಸುತ್ತಾರೆ. ಹುಲಿಯ ಮೇಲೆ ಸವಾರಿ ಮಾಡುವ ಮಾದಪ್ಪ, ದೇವತೆಗಳನ್ನೇ ಸೆರೆಯಲ್ಲಿಟ್ಟ ಶ್ರವಣ ಇವರೆಲ್ಲ ಇರುಳೆಲ್ಲ ನಮ್ಮ ಕಣ್ಣಮುಂದೆ ಸುಳಿದಾಡುವುದು ಈ ಎರಡು ದನಿಗಳ ನಡುವೆಯೇ.

ಇದೆಲ್ಲ ನೆನಪಿಗೆ ಬಂದುದಕ್ಕೆ ಕಾರಣ ಮೈಸೂರಿನಲ್ಲಿರುವ ನನ್ನ ಅತ್ತಿಗೆಯವರು. ಹತ್ತು ವರ್ಷದ ಮಗಳನ್ನು ಅವರು ಒಂದು ಓದುವ ಬಳಗಕ್ಕೆ ಸೇರಿಸಿದ್ದಾರೆ. ಬಳಗವೆಂದರೆ ಮಕ್ಕಳು ಒಂದೆಡೆ ಕಲೆಯುವುದಿಲ್ಲ. ಶನಿವಾರ ಸಂಜೆ ಅವರವರ ಮನೆಯಲ್ಲಿಯೇ ಕುಳಿತು, ಅಂತರಜಾಲದ ಮೂಲಕ ಒಬ್ಬರ ಮುಖವನ್ನೊಬ್ಬರು ನೋಡುತ್ತ ಮಾತನಾಡುತ್ತಾರೆ. ಎಂಟು ಮಕ್ಕಳು, ನಡೆಸಿಕೊಡುವ ಶಿಕ್ಷಕಿಯೊಬ್ಬರು, ಪ್ರಸಿದ್ಧವಾದ ಅದ್ಭುತಕಥೆಗಳ ಪುಸ್ತಕಗಳು. “ನೀವು ಮೇಷ್ಟ್ರು. ಇದರಿಂದ ಹುಡುಗಿಗೆ ಏನಾದರೂ ಉಪಯೋಗ ಉಂಟೋ, ಇಲ್ಲ ದುಡ್ಡು ದಂಡವೋ, ನೋಡಿ ಹೇಳಿ,” ಎಂದರು. ಒಂದು ಶನಿವಾರ ಹುಡುಗಿಯ ಹಿಂದೆ ಕುರ್ಚಿ ಹಾಕಿಕೊಂಡು ಕುಳಿತೆ.

ಅಂದು ಓದಿದ್ದು ‘ಆಲಿಸ್’ ಕಥೆಯ ಮೊದಲ ಅಧ್ಯಾಯ. ಮೊಲದ ಬಿಲದಲ್ಲಿ ಬಿದ್ದ ಆಲಿಸಳಿಗೆ ಗಾಜಿನ ಮೇಜಿನ ಮೇಲೆ ಒಂದು ಚಿನ್ನದ ಬೀಗದ ಕೈ ಸಿಗುತ್ತದೆ. ಅದರಿಂದ ತೆರೆದ ಪುಟ್ಟ ಬಾಗಿಲಿನಾಚೆ ಸೊಗಸಾದ ತೋಟ. ಆದರೆ ಬಾಗಿಲಲ್ಲಿ ಅವಳ ತಲೆಯೂ ತೂರದು. ಮುಂದೆ ಸೀಸೆಯಲ್ಲಿದ್ದುದನ್ನು ಕುಡಿದು ಅವಳು ಗೇಣುದ್ದವಾಗುತ್ತಾಳೆ. ಆಗ ನೋಡಿದರೆ ಬೀಗದ ಕೈ ಮೇಜಿನ ಮೇಲೆಯೇ ಉಳಿದಿದೆ! “ತಪ್ಪು ಯಾರದು?” ಎಂದು ಶಿಕ್ಷಕಿ ಕೇಳಿದರು. ‘ಅವಳದೇ, ಮರೆತಳು’ ಎಂದ ಒಬ್ಬ ಹುಡುಗ. “ಪುಸ್ತಕದಲ್ಲಿ ಎಲ್ಲಿದೆ, ತೋರಿಸು” ಎಂದರು ಆಕೆ. ಎಂಟೂ ತಲೆಗಳು ಪುಸ್ತಕದ ಮೇಲೆ ಬಾಗಿದವು. ನಮ್ಮ ಹುಡುಗಿ ಹುಡುಕಿ ತೆಗೆದಳು: ಆಲಿಸ್ ಮೇಜಿನ ಬಳಿಗೆ ಮರಳಿದ್ದು ಬೇರೊಂದು ಬೀಗದ ಕೈ ಸಿಕ್ಕೀತೆಂಬ ಆಸೆಯಿಂದ; ಮೊದಲಿನದು ಅವಳಿಗೆ ಆ ಹೊತ್ತಿಗೆ ಕೆಲಸಕ್ಕೆ ಬಾರದ ವಸ್ತು. ಹಾಗಾದರೆ ಅದು ಮರೆವೋ ಅಲ್ಲವೋ ಎಂದು ವಾದ ಹತ್ತಿತು. ಅಷ್ಟು ಹೊತ್ತು ತುಟಿ ಬಿಚ್ಚದೆ ಕುಳಿತಿದ್ದ ಪುಟ್ಟ ಹುಡುಗನೊಬ್ಬ ಕೊನೆಗೆ, “ಆ ತೋಟ ನನಗೂ ಬೇಕು” ಎಂದ. ಶಿಕ್ಷಕಿ ನಕ್ಕು, “ನನಗೂ ಬೇಕು” ಎಂದರು. ಅದನ್ನು ತಿದ್ದಲಿಲ್ಲ, ವಿವರಿಸಲಿಲ್ಲ. ಇದೇ ನಮ್ಮೂರಿನ ‘ಹೂಂ’ ಎಂದುಕೊಂಡೆ.

ಪಾಠ ಮುಗಿದ ಮೇಲೆ ಅತ್ತಿಗೆಯವರು ಕೇಳಿದ ಪ್ರಶ್ನೆಯನ್ನು ಬಹುಮಂದಿ ತಾಯ್ತಂದೆಗಳು ಕೇಳುತ್ತಾರೆ: “ಇದರ ನೀತಿ ಏನು?” ಈ ಪ್ರಶ್ನೆ ತಪ್ಪೆಂದು ನಾನು ಹೇಳಲಾರೆ. ಕ್ರಿ. ಶ. 1031ರಲ್ಲಿಯೇ ದುರ್ಗಸಿಂಹನು ಪಂಚತಂತ್ರವನ್ನು ಕನ್ನಡಕ್ಕೆ ತಂದ ನಾಡು ನಮ್ಮದು. ಕತೆಯಿಂದ ನೀತಿಯನ್ನು ಬಯಸುವುದು ನಮಗೆ ಹಳೆಯ ರೂಢಿ. ಆದರೆ ನಮ್ಮಲ್ಲಿ ಬೇತಾಳನ ಕತೆಗಳೂ ಉಂಟೆಂಬುದನ್ನು ಮರೆಯಬಾರದು. 1949ರಿಂದ ಕನ್ನಡದಲ್ಲಿ ಬರುತ್ತಿದ್ದು ಈಗ ನಿಂತುಹೋಗಿರುವ ‘ಚಂದಮಾಮ’ದಲ್ಲಿ ಅವುಗಳಿಗಾಗಿ ಕಾದು ಕುಳಿತವರು ಇಂದು ಅಜ್ಜ ಅಜ್ಜಿಯರಾಗಿದ್ದಾರೆ. ಬೇತಾಳನು ಕತೆಯ ಕೊನೆಗೆ ನೀತಿ ಹೇಳುವವನಲ್ಲ, ಪ್ರಶ್ನೆ ಕೇಳುವವನು. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಸಿಡಿದು ಹೋಳಾಗುತ್ತದೆ. ಉತ್ತರ ಹೇಳಿದರೆ ಬೇತಾಳ ಮತ್ತೆ ಮರಕ್ಕೆ ಹಾರುತ್ತಾನೆ, ಇನ್ನೊಂದು ಕತೆ ತೊಡಗುತ್ತದೆ. ಓದುವ ಬಳಗ ನಡೆಸುವವರಿಗೆ ಇದಕ್ಕಿಂತ ಒಳ್ಳೆಯ ಗುರು ಬೇಕೆ?

ಅದ್ಭುತಕಥೆಯ ಹುಟ್ಟನ್ನು ನೋಡಿದರೂ ಇದೇ ತೋರುತ್ತದೆ. ಆಕ್ಸ್‌ಫರ್ಡಿನಲ್ಲಿ ಗಣಿತವನ್ನು ಕಲಿಸುತ್ತಿದ್ದ ಡಾಡ್ಜ್‌ಸನ್ ಎಂಬಾತ 1862ನೆಯ ಜುಲೈ 4ರಂದು ಮೂವರು ಸೋದರಿಯರನ್ನು ದೋಣಿಯಲ್ಲಿ ಕರೆದುಕೊಂಡು ಹೋಗಿ ಈ ಕತೆ ಹೇಳಿದ. ಹುಡುಗಿಯರಲ್ಲಿ ಒಬ್ಬಳು ಗಳಿಗೆಗೊಮ್ಮೆ ನಡುವೆ ಬಾಯಿ ಹಾಕುತ್ತಿದ್ದಳೆಂದು ಪುಸ್ತಕದ ಮೊದಲ ಪದ್ಯದಲ್ಲಿ ಆತನೇ ವಿನೋದವಾಗಿ ಹೇಳಿಕೊಂಡಿದ್ದಾನೆ. ಹತ್ತು ವರ್ಷದ ಆಲಿಸ್ ಬರೆದುಕೊಡೆಂದು ಹಿಡಿದ ಹಟದಿಂದಲೇ ಕತೆ ಬರಹಕ್ಕಿಳಿಯಿತು. 1865ರಲ್ಲಿ, ಲೂಯಿಸ್ ಕ್ಯಾರೊಲ್ ಎಂಬ ಹೆಸರಿನಲ್ಲಿ, ಪುಸ್ತಕವಾಯಿತು. ಟಾಲ್ಕಿನ್ನನ ‘ಹಾಬಿಟ್’ 1937ರಲ್ಲಿ ಅಚ್ಚಾಗುವ ಮೊದಲು ಅದರ ಹಸ್ತಪ್ರತಿಯನ್ನು ಓದಿ ಮಕ್ಕಳಿಗೆ ಹಿಡಿಸೀತೆಂದು ಬರೆದುಕೊಟ್ಟವನು ಪ್ರಕಾಶಕರ ಹತ್ತು ವರ್ಷದ ಮಗ. ಅವನಿಗೆ ಸಂದ ಸಂಭಾವನೆ ಒಂದು ಶಿಲಿಂಗ್. ಎರಡು ಕಡೆಯೂ ಮಗು ಸುಮ್ಮನೆ ಕೇಳಿ ಎದ್ದುಹೋಗಲಿಲ್ಲ. ಮಾತನಾಡಿತು, ದೊಡ್ಡವರು ಕಿವಿಗೊಟ್ಟರು.

ಆದ್ದರಿಂದ ಅತ್ತಿಗೆಯವರಿಗೆ, ಬಳಗದಿಂದ ಉಪಯೋಗ ಖಂಡಿತ ಉಂಟೆಂದು ಹೇಳಿದೆ. ಜೊತೆಗೆ ಎರಡು ಮಾತನ್ನೂ ಸೇರಿಸಿದೆ.

ಮೊದಲನೆಯದು, ಭಾಷೆಯ ಮಾತು. ಇಂತಹ ಬಳಗಗಳಲ್ಲಿ ಇಂಗ್ಲಿಷ್ ಪುಸ್ತಕಗಳದೇ ರಾಜ್ಯಭಾರ. ಆಲಿಸಳನ್ನು ನಾವು ಹೊರಗಿನವಳೆಂದು ದೂರವಿಡಬೇಕಾಗಿಲ್ಲ. ಹಾಸ್ಯಸಾಹಿತಿ ನಾ. ಕಸ್ತೂರಿಯವರು ‘ಪಾತಾಳದಲ್ಲಿ ಪಾಪಚ್ಚಿ’ ಎಂದು ಹೆಸರಿಟ್ಟು ಅವಳನ್ನು ಎಂದೋ ನಮ್ಮ ಮನೆಯ ಹುಡುಗಿಯನ್ನಾಗಿ ಮಾಡಿಕೊಂಡಿದ್ದಾರೆ. ಆದರೆ ಮಾತನಾಡುವ ಮೊಲವನ್ನು ಬಲ್ಲ ಮಗುವಿಗೆ ಮಾದಪ್ಪನ ಹುಲಿ ಗೊತ್ತಿಲ್ಲದೆ ಹೋದರೆ, ಅದು ನೆರೆಮನೆಯ ಅಂಗಳವನ್ನೆಲ್ಲ ಬಲ್ಲ, ತನ್ನ ಮನೆಯ ಹಿತ್ತಲನ್ನು ಕಾಣದ ಮಗುವಿನಂತಾಗುತ್ತದೆ. ಒಂದು ವಾರ ಅದು, ಒಂದು ವಾರ ಇದು ಎಂದರೆ ಎರಡಕ್ಕೂ ಕಳೆ ಬರುತ್ತದೆ.

ಎರಡನೆಯ ಮಾತು ನನ್ನನ್ನು ಹೆಚ್ಚು ಕಾಡುವಂಥದು. ಶುಲ್ಕ ತೆತ್ತು, ಬೇರೆ ಕೋಣೆ, ಬೇರೆ ಯಂತ್ರ ಒದಗಿಸಬಲ್ಲ ಮನೆಯ ಮಗುವಿಗೆ ಶನಿವಾರ ಸಂಜೆ ಏಳು ಗೆಳೆಯರೂ ಒಬ್ಬ ಶಿಕ್ಷಕಿಯೂ ಸಿಗುತ್ತಾರೆ. ಉಮ್ಮತ್ತೂರಿನಂಥ ಊರಿನ ಮಗುವಿಗೆ? ಪುಸ್ತಕಕ್ಕೆ ಮೊದಲಿನಷ್ಟು ಬರವಿಲ್ಲ. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯವರು 2020ರಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮವನ್ನು ತೊಡಗಿಸಿ, ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದವರೆಗಿನ ಮಕ್ಕಳಿಗೆ ಶುಲ್ಕವಿಲ್ಲದೆ ಸದಸ್ಯತ್ವ ದೊರೆಯುವಂತೆ ಮಾಡಿದರು. ಪಿಡುಗಿನ ದೆಸೆಯಿಂದ ಶಾಲೆಗಳ ಬಾಗಿಲು ಮುಚ್ಚಿದ್ದ ಆ ವರ್ಷ ಇದು ಸಣ್ಣ ಉಪಕಾರವಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯವರು 2015ರಿಂದ ‘ಸ್ಟೋರಿವೀವರ್’ ಎಂಬ ತಾಣದಲ್ಲಿ ಮಕ್ಕಳ ಕತೆಗಳನ್ನು, ಕನ್ನಡದಲ್ಲಿಯೂ, ಬಿಟ್ಟಿಯಾಗಿ ಓದಲು ಒದಗಿಸಿದ್ದಾರೆ. ಆದರೆ ಕಪಾಟಿನಲ್ಲಿರುವ ಪುಸ್ತಕ ತಾನಾಗಿ ಹೂಂಗುಟ್ಟುವುದಿಲ್ಲ, ಪರದೆಯೂ ಹೂಂಗುಟ್ಟುವುದಿಲ್ಲ. ಓದಿದ್ದನ್ನು ಕೇಳುವವರಿಲ್ಲದ ಮಗು ನಾಲ್ಕು ಪುಟಕ್ಕೆ ಬೇಸತ್ತು ಪುಸ್ತಕವನ್ನು ಹಿಂದಿರುಗಿಸಿ ಹೋಗುತ್ತದೆ. ಆಗ ನಾವು, ಹಳ್ಳಿಯ ಮಕ್ಕಳಿಗೆ ಓದಿನಲ್ಲಿ ಆಸಕ್ತಿಯಿಲ್ಲವೆಂದು ಷರಾ ಬರೆಯುತ್ತೇವೆ.

ನನ್ನ ಕಾಲೇಜಿಗೆ ಬರುವ ವಿದ್ಯಾರ್ಥಿಗಳಲ್ಲಿ ಈ ಕೊರತೆಯ ಫಲವನ್ನು ನೋಡುತ್ತಿದ್ದೇನೆ. ಪದ್ಯದ ಸಾರಾಂಶವನ್ನು ಬಾಯಿಪಾಠ ಒಪ್ಪಿಸಬಲ್ಲವರು, “ನಿಮಗೆ ಏನನ್ನಿಸಿತು?” ಎಂದರೆ ತಲೆ ತಗ್ಗಿಸುತ್ತಾರೆ. ಬುದ್ಧಿಯ ಕೊರತೆಯಲ್ಲ ಅದು. ಆ ಪ್ರಶ್ನೆಯನ್ನು ಹತ್ತನೆಯ ವಯಸ್ಸಿನಲ್ಲಿ ಯಾರೂ ಅವರನ್ನು ಕೇಳಿರಲಿಲ್ಲ.

ಇದಕ್ಕೆ ದೊಡ್ಡ ಯೋಜನೆಯೇನೂ ಬೇಕಾಗಿಲ್ಲ. ವಾರಕ್ಕೊಂದು ಗಂಟೆ, ಐದಾರು ಮಕ್ಕಳು, ಒಂದೇ ಪುಸ್ತಕ. ದೊಡ್ಡವರಲ್ಲಿ ಒಬ್ಬರು ಒಂದು ಪುಟ ಗಟ್ಟಿಯಾಗಿ ಓದಲಿ. ಮಕ್ಕಳು ಸರದಿಯಂತೆ ಮುಂದುವರಿಸಲಿ. ತಮಗೇ ಉತ್ತರ ತಿಳಿಯದ ಪ್ರಶ್ನೆಯೊಂದನ್ನು ಕೇಳಲಿ. ‘ಪುಸ್ತಕದಲ್ಲಿ ಎಲ್ಲಿದೆ?’ ಎಂಬ ಮಾತನ್ನು ಮರೆಯದಿರಲಿ. ಕತೆಯ ನೀತಿಯನ್ನು ಕೇಳುವ ಚಪಲವನ್ನು ಒಂದು ಗಂಟೆಯ ಮಟ್ಟಿಗೆ ತಡೆದುಕೊಳ್ಳಲಿ. ನಿವೃತ್ತರಾದ ಮೇಷ್ಟ್ರುಗಳು, ರಜೆಗೆ ಊರಿಗೆ ಹೋಗುವ ಕಾಲೇಜು ಹುಡುಗರು, ಪೇಟೆಯ ಮನೆಗಳಲ್ಲಿ ಮಧ್ಯಾಹ್ನ ಬಿಡುವಾಗಿರುವ ಗೃಹಿಣಿಯರು ಇದನ್ನು ಮಾಡಬಲ್ಲರು. ದೂರದಲ್ಲಿರುವವರಿಗೆ ದೂರವಾಣಿಯೇ ಸಾಕು. ಮುಖ ಕಾಣದಿದ್ದರೂ ದನಿ ಕೇಳುತ್ತದೆ.

ಅತ್ತಿಗೆಯವರು ಮಗಳನ್ನು ಬಳಗದಲ್ಲಿ ಮುಂದುವರಿಸಿದ್ದಾರೆ. ಮುಂದಿನ ತಿಂಗಳಿನಿಂದ ಹುಡುಗಿ ಭಾನುವಾರ ಬೆಳಗ್ಗೆ ಊರಿನಲ್ಲಿರುವ ತನ್ನ ಚಿಕ್ಕಪ್ಪನ ಮಕ್ಕಳಿಗೆ ಪಾಪಚ್ಚಿಯ ಕತೆಯನ್ನು ಫೋನಿನಲ್ಲಿ ಓದಿ ಹೇಳಬೇಕು, ಅವರು ಅವಳಿಗೆ ಮಾದಪ್ಪನ ಕತೆ ಹೇಳಬೇಕು ಎಂದು ಒಪ್ಪಂದವಾಗಿದೆ. ಹೂಂಗುಟ್ಟದಿದ್ದರೆ ಕತೆ ನಿಲ್ಲುತ್ತದೆಂಬ ಕರಾರು ಎರಡು ಕಡೆಗೂ ಅನ್ವಯಿಸುತ್ತದೆ.